ಮಸೂರದ ವಿಷಯದಲ್ಲಿ ನಮ್ಮದೊಂದು ತಪ್ಪೊಪ್ಪಿಗೆ



ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ ನಾವು ಚಲಚ್ಚಿತ್ರದ ಕ್ಯಾಮೆರಾ ಮಸೂರಗಳನ್ನು ಕುರಿತು ನಾಲ್ಕು ಮಾತು ಬರೆದಿದ್ದುದು ತಮ್ಮಲ್ಲಿ ಕೆಲವರಿಗಾದರೂ ಜ್ಞಾಪಕವಿರಬಹುದು. ಉದ್ದನೆಯ ಮಸೂರಕ್ಕೆ ದೂರವನ್ನು ಕುಗ್ಗಿಸುವ ಗುಣವುಂಟೆಂದೂ, ಅದು ಹಿಂದಿನ ಬೆಟ್ಟವನ್ನು ತಂದು ಮುಂದಿನ ಮನುಷ್ಯನ ಬೆನ್ನಿಗೆ ಒರಗಿಸಿಬಿಡುವುದೆಂದೂ ಆ ಲೇಖನದಲ್ಲಿ ನಾವು ಬಹು ಧೈರ್ಯದಿಂದ ಅಪ್ಪಣೆ ಕೊಡಿಸಿದ್ದೆವು. ಅದು ತಪ್ಪು. ಮೂವತ್ತೈದು ವರ್ಷಗಳ ಕಾಲ ಹುಡುಗರ ತಪ್ಪುಗಳ ಕೆಳಗೆ ಕೆಂಪು ಗೆರೆ ಎಳೆದ ಕೈ ನಮ್ಮದು. ಈಗ ನಮ್ಮ ವಾಕ್ಯದ ಕೆಳಗೆ ಗೆರೆ ಎಳೆದವನು ನಮ್ಮ ಹುಡುಗರಲ್ಲಿಯೇ ಒಬ್ಬನು. ಈ ತಿಂಗಳ ಬರಹವು ಆ ತಪ್ಪಿನ ತಿದ್ದುಪಡಿ. ಅದರೊಡನೆ, ಅದಕ್ಕಿಂತ ಹಳೆಯದಾದ ಇನ್ನೊಂದು ತಪ್ಪಿನ ಒಪ್ಪಿಗೆಯೂ ಹೌದು.

ಹೊಸ ವಾಚಕರಿಗಾಗಿ ನಮ್ಮ ಹವ್ಯಾಸದ ಪೂರ್ವಕಥೆಯನ್ನು ಸಂಕ್ಷೇಪವಾಗಿ ಹೇಳಬೇಕಾಗಿದೆ. ನಾವು ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಕಲಿಸಿ ಕಳೆದ ವರ್ಷ ನಿವೃತ್ತರಾದವರು. ಉದ್ಯೋಗದ ಬಹುಕಾಲ ನಮಗೆ ಸಿನಿಮಾ ಎಂದರೆ ಹುಡುಗರ ಓದನ್ನು ಕೆಡಿಸುವ ವಸ್ತುವೆಂಬ ಭಾವನೆಯೇ ಇದ್ದಿತು. ಅದು ಸಡಿಲವಾದುದು ೨೦೧೦ರಲ್ಲಿ. ಆ ವರ್ಷ ಮೈಸೂರಿನಲ್ಲಿ ಹುಟ್ಟಿದ ಛಾಯಾಗ್ರಾಹಕರಾದ ವಿ. ಕೆ. ಮೂರ್ತಿಯವರಿಗೆ ೨೦೦೮ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಕೊಟ್ಟರು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವವು ಸಂದುದು ಅದೇ ಮೊದಲು. ನಮ್ಮ ಸೀಮೆಯವರು ಏನು ಮಾಡಿರುವರೋ ನೋಡೋಣವೆಂಬ ಅಭಿಮಾನ ಮಾತ್ರದಿಂದ ನಾವು 'ಕಾಗಜ್ ಕೆ ಫೂಲ್' ಎಂಬ ೧೯೫೯ರ ಹಿಂದೀ ಚಿತ್ರದ ಡಿ.ವಿ.ಡಿ. ತಟ್ಟೆಯೊಂದನ್ನು ಕೊಂಡೆವು. ಅದರಲ್ಲಿ ಬರಿದಾದ ಸ್ಟುಡಿಯೋ ಒಂದರೊಳಗೆ ಎತ್ತರದಿಂದ ಬೆಳಕಿನ ಕಂಬವೊಂದು ನೆಲಕ್ಕೆ ಇಳಿದಿರುವುದು. ಕಥಾನಾಯಕನೂ ನಾಯಿಕೆಯೂ ಅದರ ಸುತ್ತಿನ ಕತ್ತಲೆಯಲ್ಲಿ ಮಾತಿಲ್ಲದೆ ನಿಂತಿರುವರು. ಆ ಬೆಳಕು ದೀಪದ್ದಲ್ಲ. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಹಿಡಿದು ಒಳಕ್ಕೆ ತಿರುಗಿಸಿದುದು ಎಂದು ತಿಳಿದ ದಿನ ನಾವು ಆ ಭಾಗವನ್ನು ಆರು ಸಾರಿ ಹಿಂದಕ್ಕೆ ತಿರುಗಿಸಿ ನೋಡಿದೆವು. ಕನ್ನಡಿಯಲ್ಲಿ ಬಿಸಿಲನ್ನು ಹಿಡಿದು ಗೋಡೆಯ ಮೇಲೆ ಆಡಿಸಿದುದಕ್ಕಾಗಿ ನಾವು ಎಷ್ಟು ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆವೋ ಲೆಕ್ಕವಿಲ್ಲ.

ಅಂದಿನಿಂದ ಸಂಗ್ರಹವು ಬೆಳೆಯಿತು. ಹಳೆಯ ತಟ್ಟೆಗಳನ್ನು ಮಾರುವ ಅಂಗಡಿಗಳಲ್ಲಿ, ರಸ್ತೆಯ ಬದಿಯ ಪುಸ್ತಕದ ರಾಶಿಗಳಲ್ಲಿ, ಮುಚ್ಚಿಹೋಗುತ್ತಿದ್ದ ವೀಡಿಯೋ ಅಂಗಡಿಗಳಲ್ಲಿ ಆರಿಸಿ ತಂದುವು ಈಗ ಇನ್ನೂರ ಹದಿನಾಲ್ಕು ಇವೆ. ಪ್ರತಿಯೊಂದಕ್ಕೂ ಸಂಖ್ಯೆ ಹಾಕಿ, ಶಾಲೆಯ ಹಾಜರಿ ಪುಸ್ತಕದಂತಹ ಒಂದು ಪುಸ್ತಕದಲ್ಲಿ ಬರೆದಿಟ್ಟಿರುವೆವು. ನಮ್ಮ ಗೃಹಿಣಿಗೆ ಇದು ಅಷ್ಟಾಗಿ ಸಮ್ಮತವಿಲ್ಲ. "ಏನೂಂದ್ರೆ, ಅಮರಕೋಶ ಇದ್ದ ಬೀರುವಿನಲ್ಲಿ ಈ ಪೆಟ್ಟಿಗೆಗಳೇ? ಎಲ್ಲವೂ ಫೋನಿನಲ್ಲಿಯೇ ಸಿಗುತ್ತದಂತೆ, ಮಗನೇ ಹೇಳಿದ" ಎಂಬುದು ಅವಳ ವಾದ. ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಅಮೆರಿಕದ ನೆಟ್‌ಫ್ಲಿಕ್ಸ್ ಸಂಸ್ಥೆಯು ತಟ್ಟೆಗಳನ್ನು ಅಂಚೆಯಲ್ಲಿ ಮನೆಗೆ ಕಳುಹಿಸುವುದರಿಂದಲೇ ತನ್ನ ವ್ಯವಹಾರವನ್ನು ಆರಂಭಿಸಿತ್ತಷ್ಟೆ. ಅದೂ ೨೦೨೩ರ ಸೆಪ್ಟೆಂಬರಿನಲ್ಲಿ ಆ ಕೆಲಸವನ್ನು ಪೂರ್ತಿಯಾಗಿ ನಿಲ್ಲಿಸಿಬಿಟ್ಟಿತು. ಕಾಲವು ತಟ್ಟೆಯ ಕಡೆಗಿಲ್ಲ.

ಆದರೂ ನಮಗೆ ನಮ್ಮ ಕಾರಣಗಳುಂಟು. ಬಾಡಿಗೆಯ ಭಂಡಾರದಲ್ಲಿ ಇಂದು ಇದ್ದ ಚಿತ್ರವು ನಾಳೆ ಹೇಳದೆ ಕೇಳದೆ ಮಾಯವಾಗುವುದುಂಟು. ಬೀರುವಿನಲ್ಲಿರುವುದು ಬೀರುವಿನಲ್ಲಿಯೇ ಇರುವುದು. ಎರಡನೆಯದಾಗಿ, ಅನೇಕ ಒಳ್ಳೆಯ ತಟ್ಟೆಗಳಲ್ಲಿ ಚಿತ್ರದ ಜೊತೆಗೆ ಅದನ್ನು ತೆಗೆದವರ ಅಥವಾ ಬಲ್ಲವರ ವ್ಯಾಖ್ಯಾನವೂ ಸೇರಿರುವುದು. ಚಿತ್ರವು ಮೂಲಗ್ರಂಥವಾದರೆ ಅದು ಟೀಕೆ. ಟೀಕೆಯಿಲ್ಲದೆ ಕಾವ್ಯವನ್ನು ಓದಿ ಅಭ್ಯಾಸವಿಲ್ಲದ ನಮ್ಮಂಥವರಿಗೆ ಇದು ಬಹಳ ಅನುಕೂಲ. ಮೂರನೆಯದು ಚೌಕಟ್ಟಿನ ವಿಷಯ. 'ಕಾಗಜ್ ಕೆ ಫೂಲ್' ನಮ್ಮ ದೇಶದ ಮೊದಲ ಸಿನಿಮಾಸ್ಕೋಪ್ ಚಿತ್ರ. ಆ ಪದ್ಧತಿಯಲ್ಲಿ ವಿಶೇಷವಾದ ಮಸೂರವೊಂದು ಅಗಲವಾದ ದೃಶ್ಯವನ್ನು ಅಡ್ಡಕ್ಕೆ ಅರ್ಧದಷ್ಟು ಹಿಂಡಿ ಫಿಲ್ಮಿನ ಮೇಲೆ ಕೂರಿಸುವುದು. ಪ್ರದರ್ಶನ ಕಾಲದಲ್ಲಿ ಇನ್ನೊಂದು ಮಸೂರವು ಅದನ್ನು ಪುನಃ ಬಿಡಿಸಿ ಹರಡುವುದು. ಹೀಗೆ ಎತ್ತರದ ಎರಡೂಕಾಲು ಪಾಲಿಗೂ ಮಿಕ್ಕಿ ಅಗಲವಾದ ಚಿತ್ರವನ್ನು ಹಿಂದಿನ ಚೌಕನೆಯ ಟೆಲಿವಿಷನ್ನಿನಲ್ಲಿ ಪೂರ್ತಿ ತುಂಬುವಂತೆ ತೋರಿಸಬೇಕಾದರೆ ನೂರರಲ್ಲಿ ಸುಮಾರು ೪೩ ಪಾಲನ್ನು ಎರಡು ಪಕ್ಕಗಳಲ್ಲಿ ಕತ್ತರಿಸಲೇಬೇಕು. ಮೇಲೆ ಕೆಳಗೆ ಕಪ್ಪು ಪಟ್ಟಿಯಿದ್ದರೆ ಚಿತ್ರವು ಕಡಮೆಯಾಯಿತೆಂದು ನಮ್ಮ ಮನೆಯಲ್ಲಿಯೂ ಮೊದಲು ಗೊಣಗಿದರು. ನಿಜವು ಅದಕ್ಕೆ ತಿರುಗುಮುರುಗು: ಪಟ್ಟಿಯಿದ್ದರೆ ಚಿತ್ರವು ಇಡಿಯಾಗಿದೆ; ಪಟ್ಟಿಯಿಲ್ಲದೆ ತುಂಬಿದ್ದರೆ ಯಾರನ್ನೋ ಚೌಕಟ್ಟಿನ ಹೊರಗೆ ದಬ್ಬಿದ್ದಾರೆ. ಸಂಗ್ರಹಿಸುವವರು ಹೊದಿಕೆಯ ಬೆನ್ನಿನ ಮೇಲೆ ಈ ಪ್ರಮಾಣವನ್ನು ಓದಿಯೇ ಕೊಳ್ಳಬೇಕು. ಹಾಗೆಯೇ ಪ್ರಾಂತ್ಯದ ಗುರುತನ್ನೂ ನೋಡಬೇಕು. ನಮ್ಮ ದೇಶಕ್ಕೆ ಡಿ.ವಿ.ಡಿ.ಯಲ್ಲಿ ೫ ಎಂಬ ಸಂಖ್ಯೆಯನ್ನೂ ಬ್ಲೂರೇಯಲ್ಲಿ 'ಸಿ' ಎಂಬ ಅಕ್ಷರವನ್ನೂ ಗೊತ್ತುಮಾಡಿದ್ದಾರೆ. ಬೇರೆ ಗುರುತಿಗೆ ಕಟ್ಟುಬಿದ್ದ ತಟ್ಟೆಯನ್ನು ವಿದೇಶದಿಂದ ತರಿಸಿದರೆ ಇಲ್ಲಿಯ ಸಾಧಾರಣ ಯಂತ್ರವು ಅದನ್ನು ಒಪ್ಪದೆ ಇರಬಹುದು.

ಇನ್ನು ಮಸೂರದ ವಿಷಯಕ್ಕೆ ಬರೋಣ. ಮಸೂರವೆಂದರೆ ನಮ್ಮ ಅಡಿಗೆಮನೆಯ ಚನ್ನಂಗಿ ಬೇಳೆಯ ಕಾಳೇ. ಎರಡು ಕಡೆಯೂ ಉಬ್ಬಿದ ಗಾಜು ಆ ಕಾಳನ್ನು ಹೋಲುವುದರಿಂದ ಅದಕ್ಕೆ ಆ ಹೆಸರು ಬಂದಿತು. ಲೆನ್ಸ್ ಎಂಬ ಶಬ್ದವೂ ಲ್ಯಾಟಿನ್ ಭಾಷೆಯಲ್ಲಿ ಅದೇ ಧಾನ್ಯದ ಹೆಸರು. ಇಷ್ಟು ಸಣ್ಣ ಕಾಳಿನ ಆಕಾರದೊಳಗೆ ಛಾಯಾಗ್ರಾಹಕನ ವಿದ್ಯೆಯೆಲ್ಲಾ ಅಡಗಿದೆ.

ಸಾಂಖ್ಯಕಾರಿಕೆಯಲ್ಲಿ ಈಶ್ವರಕೃಷ್ಣನು ಇರುವ ವಸ್ತುವೂ ಕಾಣದೆಹೋಗಲು ಎಂಟು ಕಾರಣಗಳನ್ನು ಎಣಿಸಿರುವನು. ಬಹಳ ದೂರವಿರುವುದು, ಬಹಳ ಹತ್ತಿರವಿರುವುದು, ಇಂದ್ರಿಯವು ಕೆಟ್ಟಿರುವುದು, ಮನಸ್ಸು ನೆಲೆಯಾಗಿ ನಿಲ್ಲದಿರುವುದು, ವಸ್ತುವು ಅತಿ ಸೂಕ್ಷ್ಮವಾಗಿರುವುದು, ನಡುವೆ ಮರೆಯಿರುವುದು, ಹೆಚ್ಚು ಪ್ರಬಲವಾದುದು ಮುಚ್ಚಿಹಾಕುವುದು, ತನ್ನಂಥವೇ ಆದವುಗಳಲ್ಲಿ ಬೆರೆತುಹೋಗುವುದು. ತನ್ನ ಕಣ್ಣಿನ ಕಾಡಿಗೆ ತನಗೇ ಕಾಣದೆಂಬುದು ಎರಡನೆಯದಕ್ಕೆ ವ್ಯಾಖ್ಯಾನಕಾರರು ಕೊಡುವ ದೃಷ್ಟಾಂತ. ನಾವು ಈ ಪಟ್ಟಿಯನ್ನು ಎಷ್ಟೋ ಸಾರಿ ಪಾಠ ಹೇಳಿದ್ದೆವು. ಆದರೆ ಛಾಯಾಗ್ರಾಹಕರು ಇದನ್ನೇ ಹಿಡಿದು ಕೆಲಸ ಮಾಡುವರೆಂದು ತಟ್ಟೆಗಳನ್ನು ನೋಡಿದ ಮೇಲೆಯೇ ನಮಗೆ ಹೊಳೆದುದು. ದೂರದ್ದನ್ನು ತೋರಿಸಲು ಒಂದು ಮಸೂರ, ಸೂಕ್ಷ್ಮವಾದುದನ್ನು ತೋರಿಸಲು ಇನ್ನೊಂದು. ಗುಂಪಿನಲ್ಲಿ ಬೆರೆತ ಮುಖವೊಂದನ್ನು ಬೇರೆ ಮಾಡಿ ತೋರಿಸಬೇಕಾದರೆ ಮಿಕ್ಕ ಮುಖಗಳನ್ನೆಲ್ಲಾ ಮಸುಕು ಮಾಡುವ ಉಪಾಯ.

ಈ ಮಸುಕಿನ ಲೆಕ್ಕವನ್ನು ಎರಡು ಚಿತ್ರಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಚೆನ್ನಾಗಿ ತಿಳಿಯುವುದು. ಮೊದಲನೆಯದು ಆರ್ಸನ್ ವೆಲ್ಸ್‌ರ 'ಸಿಟಿಜನ್ ಕೇನ್', ೧೯೪೧. ಅದರ ಛಾಯಾಗ್ರಾಹಕನು ಗ್ರೆಗ್ ಟೋಲೆಂಡ್. ತಾಯಿಯು ಮನೆಯೊಳಗೆ ಮೇಜಿನ ಮುಂದೆ ಕುಳಿತು ಮಗನನ್ನು ಪರರ ವಶಕ್ಕೆ ಒಪ್ಪಿಸುವ ಕಾಗದಕ್ಕೆ ರುಜು ಮಾಡುತ್ತಿರುವಳು. ಬಹು ದೂರದಲ್ಲಿ, ಕಿಟಕಿಯ ಆಚೆ, ಆ ಮಗುವು ಏನೂ ಅರಿಯದೆ ಹಿಮದಲ್ಲಿ ಆಡುತ್ತಿರುವುದು. ತಾಯಿಯ ಮುಖವೂ ಸ್ಪಷ್ಟ, ಮಗುವೂ ಸ್ಪಷ್ಟ. ಇದು ಹೇಗೆ ಸಾಧ್ಯವಾಯಿತು? ಅಗಲ ನೋಟದ ಮಸೂರವನ್ನು ಹಾಕಿ, ಅದರ ಬಾಯನ್ನು ಕಿರಿದು ಮಾಡಿದುದರಿಂದ. ದೂರದ ಅಕ್ಷರ ಕಾಣದಿದ್ದಾಗ ನಾವು ಕಣ್ಣನ್ನು ಕಿರಿದು ಮಾಡುವೆವಷ್ಟೆ, ಅದೇ ನ್ಯಾಯ. ಆದರೆ ಬಾಯಿ ಕಿರಿದಾದಷ್ಟೂ ಒಳಕ್ಕೆ ಹೋಗುವ ಬೆಳಕು ಕಡಮೆ. ಆದುದರಿಂದ ಪ್ರಬಲವಾದ ದೀಪಗಳೂ ಬೆಳಕನ್ನು ಬೇಗ ಹಿಡಿಯುವ ಫಿಲ್ಮೂ ಬೇಕಾದುವು. ಅಷ್ಟಾದರೂ ಸಾಲದೆ ಬಂದ ಕಡೆ ಒಂದೇ ಫಿಲ್ಮಿನ ಮೇಲೆ ಎರಡು ಸಾರಿ ಚಿತ್ರ ತೆಗೆದು ಕೂಡಿಸಿದುದೂ ಉಂಟು. ವಿಷ ಕುಡಿದ ಹೆಂಡತಿಯ ದೃಶ್ಯದಲ್ಲಿ ಮುಂದಿನ ಲೋಟವನ್ನೂ ಹಿಂದಿನ ಬಾಗಿಲನ್ನೂ ಸ್ಪಷ್ಟ ಮಾಡಿದುದು ಹೀಗೆ.

ಎರಡನೆಯದು ಸ್ಟಾನ್ಲಿ ಕ್ಯೂಬ್ರಿಕ್‌ರ 'ಬ್ಯಾರಿ ಲಿಂಡನ್', ೧೯೭೫. ಹದಿನೆಂಟನೆಯ ಶತಮಾನದ ಕಥೆ. ರಾತ್ರಿಯ ಕೆಲವು ದೃಶ್ಯಗಳನ್ನು ಮೇಣದ ಬತ್ತಿಯ ಬೆಳಕಿನಲ್ಲಿಯೇ ತೆಗೆಯಬೇಕೆಂಬ ಹಟ. ಅದಕ್ಕಾಗಿ ಅಮೆರಿಕದ ನಾಸಾ ಸಂಸ್ಥೆಗೆಂದು ಜರ್ಮನಿಯ ಜೈಸ್ ಕಾರ್ಖಾನೆಯವರು ಮಾಡಿದ್ದ ೫೦ ಮಿಲಿಮೀಟರಿನ ಮಸೂರವನ್ನು ತರಿಸಿ, ಅದು ಕೂರುವಂತೆ ಕ್ಯಾಮೆರಾವನ್ನೇ ತಿದ್ದಿಸಿದರು. ಆ ಮಸೂರದ ಬಾಯಿಯ ಅಳತೆ ೦.೭. ಈ ಅಂಕವು ಚಿಕ್ಕದಾದಷ್ಟೂ ಬಾಯಿ ದೊಡ್ಡದೆಂದು ತಿಳಿಯಬೇಕು, ೧.೪ ಎಂಬ ಅಳತೆಯ ಮಸೂರಕ್ಕಿಂತ ಇದು ನಾಲ್ಕರಷ್ಟು ಬೆಳಕನ್ನು ಕುಡಿಯುವುದು. ಬತ್ತಿಯ ಬೆಳಕು ಸಾಕಾಯಿತು. ಆದರೆ ಸ್ಪಷ್ಟತೆಯ ಆಳವು ಅತ್ಯಲ್ಪವಾಯಿತು. ನಟರು ಸ್ವಲ್ಪ ಮುಂದೆ ಬಾಗಿದರೂ ಮುಖವು ಮಸುಕಾಗುವುದು. ಆ ದೃಶ್ಯಗಳಲ್ಲಿ ಪಾತ್ರಗಳು ಚಿತ್ರಪಟದೊಳಗಿನವರಂತೆ ಅಲುಗದೆ ಕುಳಿತಿರುವುದಕ್ಕೆ ಇದೂ ಒಂದು ಕಾರಣ. ಒಬ್ಬನಿಗೆ ಆಳ ಬೇಕಾಗಿ ಬೆಳಕನ್ನು ತೆತ್ತನು. ಇನ್ನೊಬ್ಬನಿಗೆ ಬೆಳಕು ಬೇಕಾಗಿ ಆಳವನ್ನು ತೆತ್ತನು. ಎರಡನ್ನೂ ಒಟ್ಟಿಗೆ ಪಡೆಯುವುದು ಸುಲಭವಲ್ಲ. ಗೃಹಸ್ಥರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ.

ಇಲ್ಲಿಯವರೆಗೆ ನಾವು ಹಿಂದೆ ಬರೆದುದರಲ್ಲಿ ತಪ್ಪಿರಲಿಲ್ಲ. ತಪ್ಪಿದುದು ಇದರ ಮುಂದೆ. ಆ ಲೇಖನವು ಅಚ್ಚಾದ ಹದಿನೈದು ದಿನಗಳಲ್ಲಿ ಪತ್ರಿಕೆಯ ಕಾರ್ಯಾಲಯದ ಮೂಲಕ ನಮಗೊಂದು ಕಾಗದ ಬಂದಿತು. ಒಂದೇ ಮಗ್ಗುಲು, ಅಕ್ಷರ ದುಂಡಗಿಲ್ಲ, ಆದರೆ ವಿಷಯವು ಸ್ಪಷ್ಟ. "ಮೇಷ್ಟ್ರಿಗೆ ನಮಸ್ಕಾರಗಳು. ಲೆನ್ಸು ದೂರವನ್ನು ಕುಗ್ಗಿಸುವುದಿಲ್ಲ. ನಾವು ಎಲ್ಲಿ ನಿಂತಿದ್ದೇವೆ ಎಂಬುದು ಕುಗ್ಗಿಸುತ್ತದೆ. ಪಡಸಾಲೆಯಲ್ಲಿ ಎರಡು ಚೊಂಬು ಇಟ್ಟು ನೋಡಿ" ಎಂದು ಬರೆದಿದ್ದಿತು. ಕೆಳಗೆ ಹೆಸರು, ಪಕ್ಕದ ಊರಿನಲ್ಲಿ ಮದುವೆ ಮುಂಜಿಗಳ ಫೋಟೋ ವೀಡಿಯೋ ತೆಗೆಯುವುದು ಕಸುಬೆಂದೂ ಬರೆದಿದ್ದಿತು. ಹೆಸರನ್ನು ಓದಿ ನಾವು ಕಾಗದವನ್ನು ಮಡಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಅದರ ಕಾರಣವನ್ನು ಆಮೇಲೆ ಹೇಳುವೆವು. ಮೊದಲು ಚೊಂಬಿನ ವಿಚಾರ.

ಒಂದೇ ಎತ್ತರದ ಎರಡು ಚೊಂಬುಗಳನ್ನು ಮೂರು ಅಡಿ ಅಂತರದಲ್ಲಿ ಒಂದರ ಹಿಂದೊಂದು ಇಟ್ಟೆವು. ಮುಂದಿನದಕ್ಕೆ ಮೂರು ಅಡಿ ದೂರದಲ್ಲಿ ಕುಳಿತರೆ ಹಿಂದಿನದು ಆರು ಅಡಿ ದೂರವಾಯಿತು. ದೂರವು ಎರಡರಷ್ಟಾದುದರಿಂದ ಹಿಂದಿನ ಚೊಂಬು ಅರ್ಧದಷ್ಟೇ ಕಂಡಿತು. ಅನಂತರ ಚೊಂಬುಗಳನ್ನು ಮುಟ್ಟದೆ ನಾವೇ ಹಿಂದಕ್ಕೆ ಹೋಗಿ, ಅಂಗಳವನ್ನು ದಾಟಿ, ಮೂವತ್ತು ಅಡಿ ದೂರದಲ್ಲಿ ನಿಂತೆವು. ಈಗ ಒಂದು ಮೂವತ್ತು ಅಡಿ, ಇನ್ನೊಂದು ಮೂವತ್ತಮೂರು. ಹಿಂದಿನದು ಮುಂದಿನದರ ಹನ್ನೊಂದರಲ್ಲಿ ಹತ್ತು ಪಾಲಿನಷ್ಟು ಕಾಣಬೇಕು. ಎಂದರೆ ಬಹುಮಟ್ಟಿಗೆ ಸಮ. ಎರಡೂ ಒಂದಕ್ಕೊಂದು ಅಂಟಿಕೊಂಡಂತೆ ಕಂಡುವು. ನಮ್ಮ ಕಣ್ಣಿನ ಮಸೂರವೇನೂ ಬದಲಾಗಿರಲಿಲ್ಲ. ಬದಲಾದುದು ನಾವು ನಿಂತ ಸ್ಥಳ ಮಾತ್ರ. ಉದ್ದನೆಯ ಮಸೂರವು ಮಾಡುವುದಿಷ್ಟೇ: ಅಷ್ಟು ದೂರದಿಂದ ಕಾಣುವ ನೋಟದಲ್ಲಿ ಒಂದು ಸಣ್ಣ ಭಾಗವನ್ನು ಆರಿಸಿ ದೊಡ್ಡದು ಮಾಡಿ ಕೊಡುವುದು. ಅಂಟಿಕೊಂಡಿರುವಿಕೆಯು ಆ ನೋಟದಲ್ಲಿ ಮೊದಲೇ ಇದ್ದಿತು. ನಂಬಿಕೆ ಬಾರದವರು ಫೋನಿನಲ್ಲಿ ಒಂದೇ ಸ್ಥಳದಿಂದ ಅಗಲವಾಗಿ ಒಂದು ಚಿತ್ರವನ್ನೂ ಹಿಗ್ಗಿಸಿ ಒಂದು ಚಿತ್ರವನ್ನೂ ತೆಗೆದು, ಮೊದಲನೆಯದರ ನಡುಭಾಗವನ್ನು ಕತ್ತರಿಸಿ ಎರಡನೆಯದರ ಪಕ್ಕದಲ್ಲಿಟ್ಟು ನೋಡಬಹುದು. ಚೊಂಬುಗಳ ಪ್ರಮಾಣವು ಎರಡರಲ್ಲಿಯೂ ಒಂದೇ. ನಾವು ಮಾಡಿ ನೋಡಿದ್ದೇವೆ. ಹಾಲಿನ ಹೊತ್ತಿಗೆ ಚೊಂಬುಗಳು ಅಂಗಳದ ಕಡೆ ಹೋದುದಕ್ಕೆ ಒಳಗಿನಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಈ ಸತ್ಯವು ತಿಳಿದ ಮೇಲೆ ಹಳೆಯ ತಟ್ಟೆಗಳೆಲ್ಲಾ ಹೊಸದಾದುವು. 'ಲಾರೆನ್ಸ್ ಆಫ್ ಅರೇಬಿಯಾ' ಎಂಬ ೧೯೬೨ರ ಚಿತ್ರದಲ್ಲಿ ಒಮರ್ ಷರೀಫರ ಪ್ರವೇಶವುಂಟು. ಮರುಭೂಮಿಯ ಮರೀಚಿಕೆಯಲ್ಲಿ ಒಂದು ಕಪ್ಪು ಚುಕ್ಕೆ ನಡುಗುತ್ತಾ ಬಹಳ ಹೊತ್ತು ಬಂದರೂ ಬಂದಂತೆ ತೋರದು. ಛಾಯಾಗ್ರಾಹಕ ಫ್ರೆಡ್ಡಿ ಯಂಗ್ ಅದಕ್ಕೆ ೪೮೨ ಮಿಲಿಮೀಟರಿನ ಮಸೂರವನ್ನು ಹಾಕಿದ್ದರು. ಮಸೂರವೇ ಸವಾರನನ್ನು ಹಿಡಿದು ನಿಲ್ಲಿಸಿದೆ ಎಂದು ನಾವು ಬರೆದಿದ್ದೆವು. ಹಾಗಲ್ಲ. ಬಹಳ ದೂರದಲ್ಲಿರುವವನು ನೂರು ಮಾರು ಮುಂದೆ ಬಂದರೂ ಅವನ ಗಾತ್ರವು ಹೆಚ್ಚುವುದು ಅತ್ಯಲ್ಪ. ದೂರದ ಆ ಸ್ವಭಾವವನ್ನು ಮಸೂರವು ಕಾಣುವಷ್ಟು ದೊಡ್ಡದು ಮಾಡಿತು, ಅಷ್ಟೆ.

ಇನ್ನೊಂದು, ಹಿಚ್‌ಕಾಕ್‌ರ 'ವರ್ಟಿಗೋ', ೧೯೫೮. ಎತ್ತರವನ್ನು ಕಂಡರೆ ತಲೆ ತಿರುಗುವ ಪೊಲೀಸಿನವನೊಬ್ಬನು ಗೋಪುರದ ಮೆಟ್ಟಿಲಿನಿಂದ ಕೆಳಕ್ಕೆ ನೋಡುವನು. ನೋಡುತ್ತಿದ್ದಂತೆ ಬಾವಿಯಂತಹ ಆ ಮೆಟ್ಟಿಲ ಸುತ್ತು ಇನ್ನಷ್ಟು ಆಳಕ್ಕೆ ಜಗ್ಗಿದಂತಾಗುವುದು. ಅದಕ್ಕಾಗಿ ಮೆಟ್ಟಿಲಿನ ಪ್ರತಿಕೃತಿಯೊಂದನ್ನು ಮಾಡಿಸಿ ಅಡ್ಡಲಾಗಿ ಮಲಗಿಸಿದ್ದರು. ಇರ್ಮಿನ್ ರಾಬರ್ಟ್ಸ್ ಎಂಬ ಕ್ಯಾಮೆರಾದವನು ಕಂಡ ಉಪಾಯವೇನೆಂದರೆ, ಕ್ಯಾಮೆರಾ ಒಂದು ದಿಕ್ಕಿಗೆ ಚಲಿಸುತ್ತಿರುವಾಗಲೇ ಜೂಮ್ ಮಸೂರವು ಅದಕ್ಕೆ ವಿರುದ್ಧವಾದ ಕೆಲಸವನ್ನು ಮಾಡುವುದು. ಎದುರಿಗಿರುವ ಒಂದು ವಸ್ತುವು ಇದ್ದ ಗಾತ್ರದಲ್ಲಿಯೇ ಉಳಿಯುವುದು. ಅದರ ಹಿಂದುಮುಂದಿನ ಲೋಕವೆಲ್ಲಾ ಹಿಗ್ಗುವುದು ಇಲ್ಲವೆ ಕುಗ್ಗುವುದು. ೧೯೭೫ರ 'ಜಾಸ್' ಚಿತ್ರದಲ್ಲಿ ಕಡಲ ತೀರದಲ್ಲಿ ಕುಳಿತ ಅಧಿಕಾರಿಯು ಅನಾಹುತವನ್ನು ಕಂಡ ಕ್ಷಣದಲ್ಲಿಯೂ ಇದೇ ಉಪಾಯ. ಬರೀ ಜೂಮ್ ಮಾಡಿದ್ದರೆ ಎಲ್ಲವೂ ಒಂದೇ ಸಮನಾಗಿ ದೊಡ್ಡದಾಗುತ್ತಿತ್ತು, ತಲೆ ತಿರುಗುತ್ತಿರಲಿಲ್ಲ. ಕ್ಯಾಮೆರಾ ಸ್ಥಳವನ್ನು ಬಿಟ್ಟು ಕದಲಿದುದರಿಂದಲೇ ದೂರಗಳ ಸಂಬಂಧವು ಕದಲಿತು. ನಮ್ಮ ವಿದ್ಯಾರ್ಥಿಯ ಒಂದು ವಾಕ್ಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಈ ಎರಡು ಚಿತ್ರಗಳ ತಟ್ಟೆಗಳೂ ನಮ್ಮ ಬೀರುವಿನಲ್ಲಿ ಏಳು ವರ್ಷಗಳಿಂದ ಇದ್ದುವು. ನಾವು ನೋಡಿದ್ದೆವು, ಕಂಡಿರಲಿಲ್ಲ.

ಈಗ ಹಳೆಯ ತಪ್ಪಿಗೆ ಬರುವೆವು. ನಿವೃತ್ತಿಯ ದಿನ ಶಾಲೆಯ ಮೇಜಿನ ಸೆಳೆಖಾನೆಯನ್ನು ಬರಿದುಮಾಡುವಾಗ ಕೆಳಗಿನ ಮೂಲೆಯಲ್ಲಿ ವಿ.ಸಿ.ಡಿ. ತಟ್ಟೆಯೊಂದು ಸಿಕ್ಕಿತು. ಪುಟ್ಟಣ್ಣ ಕಣಗಾಲರ 'ನಾಗರಹಾವು' ಚಿತ್ರದ ಜೋಡಿಯಲ್ಲಿ ಒಂದು. ಮೇಲೆ ಬಾಡಿಗೆ ಅಂಗಡಿಯ ಗುರುತು. ನೋಡಿದ ಕೂಡಲೇ ನೆನಪಾಯಿತು. ೨೦೦೪ರಲ್ಲಿ ಒಂಬತ್ತನೆಯ ತರಗತಿಯಲ್ಲಿ ಶಬ್ದರೂಪಗಳನ್ನು ಒಪ್ಪಿಸುತ್ತಿದ್ದ ಹೊತ್ತಿನಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬನು ಪುಸ್ತಕದ ಮರೆಯಲ್ಲಿ ಅದನ್ನು ತಿರುಗಿಸಿ ನೋಡುತ್ತಿದ್ದನು. ನಾವು ಅದನ್ನು ಕಿತ್ತುಕೊಂಡು, ತಂದೆಯನ್ನು ಕರೆತಂದರೆ ಕೊಡುವೆವೆಂದು ಹೇಳಿ, ಸೆಳೆಖಾನೆಗೆ ಹಾಕಿದೆವು. ಅವನು ತಂದೆಯನ್ನು ಕರೆತರಲಿಲ್ಲ. ನಾವು ಮರೆತೆವು. ಆ ಚಿತ್ರವು ೧೯೭೨ರದು. ಹಟಮಾರಿ ಶಿಷ್ಯನೊಬ್ಬನ ಮತ್ತು ಅವನನ್ನು ಮಗನಂತೆ ಪ್ರೀತಿಸಿದ ಮೇಷ್ಟ್ರೊಬ್ಬರ ಕಥೆ. ನಾವು ಬಾಲ್ಯದಲ್ಲಿ ಅದನ್ನು ಟೆಂಟಿನಲ್ಲಿ ನೋಡಿ, ಆ ಮೇಷ್ಟ್ರಿಗಾಗಿ ಅತ್ತಿದ್ದೆವು. ಸಿಕ್ಕಿದ ತಟ್ಟೆಯನ್ನು ಮನೆಗೆ ತಂದು ಬೀರುವಿನಲ್ಲಿಟ್ಟೆವು. ಪುಸ್ತಕದಲ್ಲಿ ಅದಕ್ಕೆ ಮಾತ್ರ ಸಂಖ್ಯೆ ಹಾಕಲು ಕೈ ಬಾರಲಿಲ್ಲ. ಕಾಗದದ ಕೆಳಗಿದ್ದುದು ಆ ಹುಡುಗನ ಹೆಸರು.

ಒಂದು ಸೋಮವಾರ, ಮುಹೂರ್ತಗಳಿಲ್ಲದ ದಿನ ನೋಡಿ, ತಟ್ಟೆಯನ್ನು ಕೈಚೀಲದಲ್ಲಿಟ್ಟುಕೊಂಡು ಅವನ ಅಂಗಡಿಗೆ ಹೋದೆವು. ಎದ್ದು ಬಂದು ಕಾಲು ಮುಟ್ಟಿದನು. ಕುರ್ಚಿಯ ಧೂಳೊರಸಿ ಕೂರಿಸಿದನು. ಮಸೂರಗಳನ್ನು ಒಂದೊಂದಾಗಿ ಕೈಗೆ ಕೊಟ್ಟು ತೋರಿಸಿದನು. ಮದುವಣಗಿತ್ತಿಯ ಮುಖಕ್ಕೆ ಯಾವುದು, ಮಂಟಪಕ್ಕೆ ಯಾವುದು, ತೀರ ಹತ್ತಿರದಿಂದ ತೆಗೆದರೆ ಮೂಗು ಏಕೆ ದಪ್ಪನಾಗುವುದು ಎಂಬುದನ್ನೆಲ್ಲಾ ನಾವು ಕಲಿಸುತ್ತಿದ್ದುದಕ್ಕಿಂತ ಹೆಚ್ಚಿನ ತಾಳ್ಮೆಯಿಂದ ಹೇಳಿದನು. ಕೊನೆಗೆ ನಾವು ಚೀಲದಿಂದ ತಟ್ಟೆಯನ್ನು ತೆಗೆದು, "ಇದು ನಿನ್ನದಪ್ಪಾ. ಬಹಳ ತಡವಾಯಿತು" ಎಂದೆವು.

ಅವನು ಅದನ್ನು ಹಿಂದುಮುಂದು ತಿರುಗಿಸಿದನು. "ಮೇಷ್ಟ್ರೇ, ಇನ್ನೂ ಇಟ್ಟಿದ್ದೀರಾ?" ಎಂದನು. ಇಟ್ಟುದಲ್ಲ, ಮರೆತುದು ಎಂದೆವು. ತಂದೆಯನ್ನು ಏಕೆ ಕರೆತರಲಿಲ್ಲವೆಂದು ಕೇಳಿದೆವು.

"ಅಪ್ಪ ಗಾರೆ ಕೆಲಸಕ್ಕೆ ಹೋಗ್ತಿದ್ದರು. ಶಾಲೆಗೆ ಬಂದರೆ ಆ ದಿನದ ಕೂಲಿ ಹೋಗುತ್ತೆ. ಆದರೆ ಅಂಗಡಿಯವನು ಬಿಡಲಿಲ್ಲ. ಜೋಡಿ ಮುರಿಯಿತು ಅಂತ ನೂರೈವತ್ತು ರೂಪಾಯಿ ಹಿಡಿದ. ಹೆಚ್ಚುಕಡಮೆ ಎರಡು ದಿನದ ಕೂಲಿ ಅದು. ಮನೇಲಿ ಏಟು ಬಿತ್ತು. ಅದೆಲ್ಲಾ ಮರೆತುಹೋಗಿದೆ, ಮೇಷ್ಟ್ರೇ."

ಆ ಹಣವನ್ನಾದರೂ ತಂದೆಯವರಿಗೆ ಕೊಡುವೆವೆಂದೆವು. ಅವರು ತೀರಿಕೊಂಡು ನಾಲ್ಕು ವರ್ಷವಾಯಿತೆಂದನು. ನಾವು ಏನನ್ನೂ ಹೇಳಲಾರದೆ ಹೋದೆವು. ಸ್ವಲ್ಪ ತಡೆದು ಅವನೇ ಹೇಳಿದನು: "ಆ ಸಿನಿಮಾದಲ್ಲಿ ಒಂದು ಹಾಡು ಪೂರ್ತಿ ನಿಧಾನವಾಗಿ ಓಡುತ್ತೆ. ಅದು ಹೇಗೆ ಅಂತ ವಿಜ್ಞಾನದ ಮೇಷ್ಟ್ರನ್ನ ಕೇಳೋಣ ಅಂತ ತಂದಿದ್ದೆ. ನೀವು ಯಾರದು ಅಂತ ಕೇಳಿದಿರಿ, ಎಲ್ಲಿಂದ ತಂದೆ ಅಂತ ಕೇಳಿದಿರಿ. ಯಾಕೆ ತಂದೆ ಅಂತ ಕೇಳಲಿಲ್ಲ. ಅದೊಂದು ನೆನಪಿದೆ. ಆಮೇಲೆ ಯಾರನ್ನೂ ಕೇಳೋಕೆ ಹೆದರಿಕೆ. ಗೊತ್ತಾಗೋ ಹೊತ್ತಿಗೆ ಎಂಟು ವರ್ಷ ಆಯಿತು."

ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಮಗೆ ಸುಲಭವಾಗುತ್ತಿತ್ತು. ಈಗಲಾದರೂ ಹೇಳಿಕೊಡು ಎಂದು ನಾವು ಕೇಳಿದೆವು. ಅದು ಮಸೂರದ ಕೆಲಸವಲ್ಲ, ವೇಗದ ಕೆಲಸವೆಂದು ಅವನು ವಿವರಿಸಿದನು. ತೆರೆಯ ಮೇಲೆ ಕ್ಷಣಕ್ಕೆ ೨೪ ಚಿತ್ರಗಳು ಹಾಯುವುವು. ತೆಗೆಯುವಾಗ ಕ್ಷಣಕ್ಕೆ ೪೮ ತೆಗೆದುಕೊಂಡು ೨೪ರಂತೆ ತೋರಿಸಿದರೆ ಒಂದು ಕ್ಷಣದ ಓಟವು ಎರಡು ಕ್ಷಣಕ್ಕೆ ಹಿಗ್ಗುವುದು. ಕ್ಯಾಮೆರಾ ಬೇಗ ಓಡಿದಷ್ಟೂ ತೆರೆಯ ಮೇಲಿನ ಮನುಷ್ಯನು ನಿಧಾನ. ಇದನ್ನು ಹೇಳಲು ಅವನಿಗೆ ಎರಡು ನಿಮಿಷ ಸಾಕಾಯಿತು. ೨೦೦೪ರಲ್ಲಿಯೂ ಎರಡೇ ನಿಮಿಷ ಸಾಕಾಗುತ್ತಿತ್ತು.

ಆಮೇಲೆ ಅವನು ಮೂಲೆಯಲ್ಲಿದ್ದ ಹಳೆಯ ಯಂತ್ರಕ್ಕೆ ತಟ್ಟೆಯನ್ನು ಹಾಕಿದನು. ತಟ್ಟೆಯನ್ನು ಓದುವುದೂ ಒಂದು ಸಣ್ಣ ಮಸೂರವೇ. ಲೇಸರ್ ಕಿರಣವನ್ನು ಅದು ಒಂದು ಬಿಂದುವಿಗೆ ಕೂಡಿಸಿ, ತಟ್ಟೆಯ ಬೆಳ್ಳಿಬಣ್ಣದ ಪದರದಿಂದ ಹಿಂದಿರುಗಿದ ಬೆಳಕನ್ನು ಹಿಡಿಯುವುದು. ಯಂತ್ರವು ಎರಡು ಮೂರು ಸಾರಿ ಗರಗರ ಸುತ್ತಿ ನಿಂತಿತು. ಬೆಳಕಿಗೆ ಹಿಡಿದು ನೋಡಿದರೆ ಪದರವು ಅಂಚಿನಿಂದ ಎದ್ದು, ನಡುನಡುವೆ ಸೂಜಿಯ ಮೊನೆಯಷ್ಟು ತೂತುಗಳು ಕಾಣುತ್ತಿದ್ದುವು. ಪದರವು ಹೋದ ತಟ್ಟೆಗೆ ಮದ್ದಿಲ್ಲ. "ಇರಲಿ ಬಿಡಿ, ಮೇಷ್ಟ್ರೇ. ಚಿತ್ರ ಫೋನಿನಲ್ಲಿ ಸಿಗುತ್ತೆ" ಎಂದು ಹೇಳಿ, ಅದನ್ನು ಬಟ್ಟೆಯಿಂದ ಒರಸಿ, ಮಸೂರಗಳನ್ನಿಡುವ ಗಾಜಿನ ಬೀರುವಿನೊಳಗೆ ಇಟ್ಟುಕೊಂಡನು.

ಸಂಗ್ರಹವುಳ್ಳ ವಾಚಕರಿಗೆ ಎರಡು ಸೂಚನೆಗಳು. ತಟ್ಟೆಗಳನ್ನು ತೇವವಿಲ್ಲದ ಕಡೆ, ಪೆಟ್ಟಿಗೆಯೊಳಗೆ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಬೇಕು. ಒರಸುವಾಗ ನಡುವಿನಿಂದ ಅಂಚಿನ ಕಡೆಗೆ ಒರಸಬೇಕು, ಸುತ್ತು ಒರಸಬಾರದು. ವಿ.ಸಿ.ಡಿ.ಯಲ್ಲಿ ಪದರವು ಹೆಸರು ಅಚ್ಚಾದ ಮಗ್ಗುಲಿನ ಕೆಳಗೇ ಇರುವುದರಿಂದ ಆ ಮಗ್ಗುಲನ್ನು ಕೆರೆಯದಂತೆ ನೋಡಿಕೊಳ್ಳಬೇಕು. ಎರಡನೆಯ ಸೂಚನೆ, ಮನೆಯಲ್ಲಿ ಮಕ್ಕಳಿರುವವರಿಗೆ. ಮಗುವಿನ ಕೈಯಿಂದ ಏನನ್ನಾದರೂ ತೆಗೆದಿಡಬೇಕಾದ ಸಂದರ್ಭವು ಬರುವುದುಂಟು. ಫೋನಿನ ಈ ಕಾಲದಲ್ಲಿ ದಿನಕ್ಕೆ ಹತ್ತು ಸಾರಿ ಬರುವುದು. ತೆಗೆದಿಡಿರಿ, ಆದರೆ ಅದಕ್ಕೆ ಮುಂಚೆ ಅದರಲ್ಲಿ ಏನನ್ನು ನೋಡುತ್ತಿದ್ದೆ ಎಂದು ಒಂದು ಮಾತು ಕೇಳಿರಿ. ಆಟವೇ ಆಗಿದ್ದರೆ ನಷ್ಟವೇನೂ ಇಲ್ಲ. ಈಶ್ವರಕೃಷ್ಣನ ಎಂಟು ಕಾರಣಗಳಲ್ಲಿ ಏಳಕ್ಕೆ ಏನಾದರೊಂದು ಗಾಜು ಸಹಾಯಕ್ಕೆ ಬಂದೀತು. ಮನಸ್ಸು ನೆಲೆಯಾಗಿ ನಿಲ್ಲದಿದ್ದರೆ ಯಾವ ಗಾಜೂ ಬಾರದು. ಆ ದಿನ ನಮ್ಮ ಕಣ್ಣೂ ಚೆನ್ನಾಗಿತ್ತು, ಹುಡುಗನೂ ನಾಲ್ಕು ಮಾರು ದೂರದಲ್ಲಿದ್ದನು.

ಮನೆಗೆ ಬಂದು ಸಂಗ್ರಹದ ಪುಸ್ತಕವನ್ನು ತೆರೆದೆವು. ಸಂಖ್ಯೆಯಿಲ್ಲದ ಆ ತಟ್ಟೆಗೆಂದು ಬಿಟ್ಟಿದ್ದ ಖಾಲಿ ಸಾಲಿನಲ್ಲಿ "ಹಿಂದಿರುಗಿಸಿದೆ" ಎಂದು ಬರೆದು ದಿನಾಂಕ ಹಾಕಿದೆವು. ಬೀರುವಿನಲ್ಲಿ ಈಗ ಇರುವುದು ನಿಜವಾಗಿಯೂ ಇನ್ನೂರ ಹದಿನಾಲ್ಕೇ.

ಮುಂದಿನ ತಿಂಗಳು ಜಪಾನಿನ ಓಜು ಎಂಬ ನಿರ್ದೇಶಕರು ಬಹುಮಟ್ಟಿಗೆ ೫೦ ಮಿಲಿಮೀಟರಿನ ಒಂದೇ ಮಸೂರವನ್ನು ಹಿಡಿದು, ಕ್ಯಾಮೆರಾವನ್ನು ಚಾಪೆಯ ಮೇಲೆ ಕುಳಿತವರ ಕಣ್ಣಿನ ಮಟ್ಟಕ್ಕೂ ಕೆಳಗಿಟ್ಟು, ಮನೆಮನೆಯ ಕಥೆಗಳನ್ನು ಹೇಗೆ ಹೇಳಿದರೆಂಬುದನ್ನು ಬರೆಯುವೆವು. ಅಚ್ಚಿಗೆ ಕಳುಹಿಸುವ ಮುಂಚೆ ಹಸ್ತಪ್ರತಿಯನ್ನು ಪಕ್ಕದ ಊರಿನ ಅಂಗಡಿಯಲ್ಲಿ ಒಂದು ಸಾರಿ ತೋರಿಸಿಯೇ ಕಳುಹಿಸುವೆವೆಂದು ವಾಚಕರಿಗೆ ಮಾತು ಕೊಡುತ್ತೇವೆ.